ಕೆಂಪು ಬಾವುಟದ ಹೊಣೆ ಯಾರದು? ಕರಾವಳಿಗೆ ಬೇಕಾದ ಜೀವರಕ್ಷಕ ವ್ಯವಸ್ಥೆ

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಬಂದಿದ್ದ ಮಕ್ಕಳು ಅವರು. ಆಮೇಲೆ ನಡೆದದ್ದು ಎಂದಿನಂತೆಯೇ ನಡೆಯಿತು: ಜೊತೆಗಿದ್ದ ಶಿಕ್ಷಕರ ಮೇಲೆ ಪ್ರಕರಣ, ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ, ಕೆಲವು ದಿನ ತೀರಕ್ಕೆ ಬೀಗ, ಬಳಿಕ ಈಜುವ ಜಾಗ ಗುರುತಿಸಿ ಮತ್ತೆ ಪ್ರವೇಶ. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸತ್ತಾಗಲೂ ಕಟ್ಟೆಚ್ಚರ, ಸಭೆ, ಸೂಚನಾಫಲಕ ಎಲ್ಲವೂ ಬಂದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮ ಆಡಳಿತಕ್ಕೆ ಪಳಗಿದ ಕೈ.

ಇಷ್ಟಾದರೂ ಒಂದು ಸರಳ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಕಡಲತೀರದಲ್ಲಿ ಇವತ್ತು ನೀರಿಗೆ ಇಳಿಯಬಹುದೇ ಇಲ್ಲವೇ ಎಂದು ಬೆಳಿಗ್ಗೆ ತೀರ್ಮಾನಿಸುವವರು ಯಾರು? ಆ ತೀರ್ಮಾನ ತಪ್ಪಿದರೆ ಉತ್ತರ ಕೊಡಬೇಕಾದವರು ಯಾರು? ಮರಳು ಕಂದಾಯ ಇಲಾಖೆಯದು. ಅಂಗಡಿಗಳ ಪರವಾನಗಿ ಪಂಚಾಯಿತಿಯದು. ಪ್ರಚಾರದ ಪೋಸ್ಟರ್ ಪ್ರವಾಸೋದ್ಯಮ ಇಲಾಖೆಯದು. ಕಾನೂನು ಸುವ್ಯವಸ್ಥೆ ಸ್ಥಳೀಯ ಠಾಣೆಯದು, ತೀರದಿಂದ ಆಚೆಗಿನ ನೀರು ಕರಾವಳಿ ಕಾವಲು ಪೊಲೀಸರದು, ಇನ್ನೂ ಆಚೆಗೆ ಕೋಸ್ಟ್ ಗಾರ್ಡ್‌ನದು. ಜನ ಸಾಯುವುದು ಮಾತ್ರ ಇವೆಲ್ಲದರ ನಡುವೆ ಉಳಿದುಹೋದ ಜಾಗದಲ್ಲಿ, ದಡದಿಂದ ಮೂವತ್ತು ನಲವತ್ತು ಮೀಟರ್ ಒಳಗೆ, ಸೊಂಟದ ಮಟ್ಟದ ನೀರಿನಲ್ಲಿ.

ಆ ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮುರುಡೇಶ್ವರ, ಗೋಕರ್ಣ, ಮಲ್ಪೆ, ಪಣಂಬೂರಿನಂಥ ಮರಳಿನ ತೀರಕ್ಕೆ ಅಲೆಗಳು ಒಂದರ ಹಿಂದೆ ಒಂದು ನೀರನ್ನು ತಂದು ಸುರಿಯುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳದಿಣ್ಣೆಯಲ್ಲಿ ತಗ್ಗು ಸಿಕ್ಕಿದ ಕಡೆ ಅದು ಒಟ್ಟುಗೂಡಿ, ಇಕ್ಕಟ್ಟಾದ ಕಾಲುವೆಯಂತೆ ಕಡಲಿನತ್ತ ರಭಸದಿಂದ ಹರಿಯುತ್ತದೆ. ಇದೇ ರಿಪ್ ಕರೆಂಟ್. ಜೋರಾಗಿದ್ದಾಗ ಇದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟಬಹುದು. ಒಲಿಂಪಿಕ್ ಈಜುಗಾರನೂ ಇದರ ಎದುರು ಈಜಿ ಗೆಲ್ಲಲಾರ. ದಡದ ಮೇಲಿಂದ ನೋಡಿದರೆ ಎರಡೂ ಬದಿಯಲ್ಲಿ ಅಲೆಗಳು ನೊರೆಯೆದ್ದು ಒಡೆಯುತ್ತಿರುತ್ತವೆ, ನಡುವೆ ಮಾತ್ರ ಒಂದು ಪಟ್ಟಿ ಅಲೆಯಿಲ್ಲದೆ, ಸ್ವಲ್ಪ ಕಪ್ಪಾಗಿ, ಸಮಾಧಾನದಿಂದ ಇರುವಂತೆ ಕಾಣುತ್ತದೆ. ಈಜು ಬಾರದ ಪ್ರವಾಸಿ, ಮಗುವಿನ ಕೈ ಹಿಡಿದ ತಂದೆ, ಅಲೆಗೆ ಹೆದರುವ ಹುಡುಗಿ, ಎಲ್ಲರೂ ಆರಿಸಿಕೊಳ್ಳುವುದು ಅದನ್ನೇ. ಅಪಾಯವಿರುವುದೂ ಅಲ್ಲಿಯೇ. ದಡದಿಂದ ಕೈರಂಪಣಿ ಬಲೆ ಎಳೆಯುವ ಮೀನುಗಾರನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ನಿನ್ನೆ ಇಲ್ಲಿದ್ದ ತಗ್ಗು ಇವತ್ತು ಎಲ್ಲಿಗೆ ಸರಿದಿದೆ ಎಂದು ಅವನು ದಡದಲ್ಲಿ ನಿಂತೇ ಹೇಳುತ್ತಾನೆ. ಬಯಲುಸೀಮೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಹುಟ್ಟಿದ್ದು ಬೇರೆ ಕಾರಣಕ್ಕೆ, ಆದರೆ ಕಡಲತೀರದ ಯೋಜನೆ ಮಾಡುವವರು ಅದನ್ನು ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಸೂಚನಾಫಲಕದಲ್ಲಿ ‘ಸಮುದ್ರಕ್ಕೆ ಇಳಿಯಬಾರದು’ ಎಂದು ಬರೆದ ಮಾತ್ರಕ್ಕೆ ನಾನೂರು ಕಿಲೋಮೀಟರ್ ದೂರದಿಂದ ಬಂದವರು ಇಳಿಯದೇ ಇರುವುದಿಲ್ಲ.

ಅಳಿವೆಗಳದ್ದು ಇನ್ನೊಂದೇ ಕಥೆ. ಶರಾವತಿ, ಅಘನಾಶಿನಿ, ಗಂಗೊಳ್ಳಿಯ ಪಂಚನದಿಗಳು, ನೇತ್ರಾವತಿ, ಹೀಗೆ ನದಿ ಕಡಲಿಗೆ ಸೇರುವ ಕಡೆ ಇಳಿತದ ಹೊತ್ತಿನಲ್ಲಿ ಇಡೀ ನದಿಯೇ ಹೊರಕ್ಕೆ ಓಡುತ್ತದೆ. ಕೋಡಿಬೆಂಗ್ರೆಯಂಥ ತಾಣಗಳು ಮೊಬೈಲ್ ಚಿತ್ರಗಳಿಂದ ಪ್ರಸಿದ್ಧವಾಗಿರುವುದು ಒಂದು ಕಡೆ ನದಿ, ಒಂದು ಕಡೆ ಕಡಲು ಎಂಬ ಕಾರಣಕ್ಕೇ. ಇಂಥ ಕಡೆ ಸುರಕ್ಷಿತ ಈಜುವಲಯ ಎಂಬುದೇ ಇರಲಾರದು. ಅಲ್ಲಿ ಬೇಕಾದದ್ದು ಇಳಿಯದಂತೆ ತಡೆಯುವ ಕಾವಲು.

ನಮ್ಮಲ್ಲಿ ಜೀವರಕ್ಷಕರೇ ಇಲ್ಲ ಎನ್ನುವುದು ಸರಿಯಲ್ಲ. ಮುಖ್ಯ ತೀರಗಳಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೊಗವೀರ, ಖಾರ್ವಿ, ಹರಿಕಂತ್ರ ಮೀನುಗಾರ ಕುಟುಂಬಗಳ ಹುಡುಗರು. ಅವರ ಎದೆಗಾರಿಕೆಯ ಬಗ್ಗೆ ಎರಡು ಮಾತಿಲ್ಲ. ಪತ್ರಿಕೆಗಳಲ್ಲಿ ತಿಂಗಳಿಗೊಮ್ಮೆಯಾದರೂ ‘ಪ್ರವಾಸಿಗರ ರಕ್ಷಣೆ’ ಎಂಬ ಸುದ್ದಿ ಬರುತ್ತದೆ, ಸ್ವಾತಂತ್ರ್ಯ ದಿನದಂದು ಶಾಲು, ಹಾರ, ಫಲಕವೂ ಸಿಗುತ್ತದೆ. ನನಗೆ ಕಸಿವಿಸಿಯಾಗುವುದು ಈ ಶಾಲಿನಲ್ಲಿಯೇ. ಸಾಹಸ ಮೆರೆದವನನ್ನು ಕರೆದು ಸನ್ಮಾನಿಸುವ ವ್ಯವಸ್ಥೆಗೆ, ಸಾಹಸದ ಅಗತ್ಯವೇ ಬೀಳದಂತೆ ಇಡೀ ದಿನ ಸೀಟಿ ಊದುತ್ತಾ ನಿಂತವನ ಕೆಲಸ ಕಾಣುವುದೇ ಇಲ್ಲ. ಜೀವರಕ್ಷಕನ ಕೆಲಸದ ಬಹುಪಾಲು ನಡೆಯುವುದು ಮೈ ಒದ್ದೆಯಾಗದೆ: ಬೆಳಿಗ್ಗೆ ನೀರನ್ನು ಓದಿ ಬಾವುಟ ನೆಡುವುದು, ತಗ್ಗಿನ ಎದುರು ನಿಂತವರನ್ನು ಪಕ್ಕಕ್ಕೆ ಕಳಿಸುವುದು, ಕುಡಿದು ಬಂದವರನ್ನು ಮಾತಿನಲ್ಲಿಯೇ ಮರಳ ಮೇಲೆ ಕೂರಿಸುವುದು. ಅವನು ನೀರಿಗೆ ಹಾರಿದ ಎಂದರೆ ಅದಕ್ಕೂ ಮೊದಲಿನ ಯಾವುದೋ ಹಂತ ತಪ್ಪಿತು ಎಂದೇ ಅರ್ಥ.

ಮುಳುಗುವವರು ಕೂಗುತ್ತಾರೆ, ಕೈಬೀಸುತ್ತಾರೆ ಎಂಬುದು ಸಿನಿಮಾದ ಕಲ್ಪನೆ. ನಿಜವಾಗಿ ಮುಳುಗುತ್ತಿರುವವರಿಗೆ ಉಸಿರೆಳೆದುಕೊಳ್ಳುವುದೇ ದೊಡ್ಡ ಕೆಲಸ, ಕೂಗಲು ಗಾಳಿ ಇರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಹತ್ತು ಅಡಿ ದೂರದಲ್ಲಿ ಸೆಲ್ಫಿ ತೆಗೆಯುತ್ತಿರುವ ಗೆಳೆಯರಿಗೆ ಅದು ಆಟದಂತೆ ಕಾಣುತ್ತದೆ. ನಮ್ಮ ತೀರಗಳಲ್ಲಿ ಇದಕ್ಕೆ ಬಟ್ಟೆಯ ಭಾರವೂ ಸೇರುತ್ತದೆ. ಸೀರೆ, ಚೂಡಿದಾರ, ಜೀನ್ಸ್ ತೊಟ್ಟೇ ನೀರಿಗಿಳಿಯುವವರು ನಮ್ಮವರು. ಕೈಕೈ ಹಿಡಿದು ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬರ ಕಾಲಡಿಯ ಮರಳು ಜಾರಿದರೆ ಪಕ್ಕದವರೂ ಜೊತೆಗೇ ಜಾರುತ್ತಾರೆ. ಈಜು ಬಾರದೆಯೂ ಅವರನ್ನು ಕಾಪಾಡಲು ಹೋದವರು ಸಾಯುವುದು ಇನ್ನೂ ದೊಡ್ಡ ದುರಂತ. ಇದನ್ನೆಲ್ಲ ಎತ್ತರದ ಗೋಪುರದ ಮೇಲಿಂದ, ಬೇರೇನೂ ಮಾಡದೆ, ನೀರನ್ನೇ ದಿಟ್ಟಿಸುವ ಕಣ್ಣು ಮಾತ್ರ ಹಿಡಿಯಬಲ್ಲದು. ಅಂಥ ದಿಟ್ಟಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಚುರುಕಾಗಿ ಉಳಿಯುವುದಿಲ್ಲ. ಆದ್ದರಿಂದಲೇ ಒಂದು ಗೋಪುರಕ್ಕೆ ಒಬ್ಬ ಸಾಲುವುದಿಲ್ಲ, ಕನಿಷ್ಠ ಇಬ್ಬರು ಬೇಕು. ಒಬ್ಬ ನೀರಿಗಿಳಿದರೆ ಉಳಿದ ಜನರನ್ನು ನೋಡಲೂ ಒಬ್ಬ ಇರಬೇಕು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಪ್ರವಾಸಿಗರು ರಾತ್ರಿ ಬಸ್ಸಿನಿಂದ ಬೆಳಗಿನ ಆರಕ್ಕೋ ಏಳಕ್ಕೋ ಇಳಿದು, ಕೋಣೆಯಲ್ಲಿ ಚೀಲ ಎಸೆದು ನೇರ ನೀರಿಗೆ ಹೋಗುವವರು. ಸಂಜೆ ಸೂರ್ಯಾಸ್ತಕ್ಕೆ ಮತ್ತೆ ಜಾತ್ರೆ. ಕಚೇರಿ ವೇಳೆಗೆ ಬಂದು ಕಚೇರಿ ವೇಳೆಗೆ ಹೋಗುವ ಜೀವರಕ್ಷಕ ಇಲ್ಲಿ ಉಪಯೋಗವಿಲ್ಲ. ಬೆಳಿಗ್ಗೆ 6.30ರಿಂದ ಸಂಜೆ 6.30ರವರೆಗೆ ಗೋಪುರದಲ್ಲಿ ಇಬ್ಬರು ಎಂದರೆ ವಾರಕ್ಕೆ 168 ಗಂಟೆಗಳ ಕೆಲಸ. ಒಬ್ಬನಿಗೆ ವಾರಕ್ಕೆ 48 ಗಂಟೆ ಎಂದರೆ ಮೂರೂವರೆ ಜನ. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ನಾಲ್ಕು. ಮೂರು ಗೋಪುರಗಳ ಒಂದು ತೀರಕ್ಕೆ ಹನ್ನೆರಡು ಜನ, ಮೇಲೊಬ್ಬ ಮುಖ್ಯಸ್ಥ. ತಿಂಗಳಿಗೆ 20 ಸಾವಿರ ರೂಪಾಯಿ ಸಂಬಳ ಎಂದು ಹಿಡಿದರೆ ವರ್ಷಕ್ಕೆ ಸುಮಾರು 31 ಲಕ್ಷ, ಭವಿಷ್ಯನಿಧಿ, ವಿಮೆ, ಸಲಕರಣೆ ಸೇರಿ 40 ಲಕ್ಷ ಎನ್ನೋಣ. ಮುರುಡೇಶ್ವರದ ಆ ಒಂದು ದಿನಕ್ಕೆ ಸರ್ಕಾರ ಕೊಟ್ಟ ಪರಿಹಾರವೇ 20 ಲಕ್ಷ. ವಾಹನಕ್ಕೆ 30 ರೂಪಾಯಿ ನಿಲುಗಡೆ ಶುಲ್ಕ ತೆಗೆದುಕೊಂಡರೂ ದಿನಕ್ಕೆ ಸರಾಸರಿ 365 ವಾಹನಗಳಿಂದ ಇಡೀ ವರ್ಷದ ಖರ್ಚು ಹುಟ್ಟುತ್ತದೆ. ದೊಡ್ಡ ತೀರಗಳಿಗೆ ಇದು ದೊಡ್ಡ ಮೊತ್ತವಲ್ಲ. ಹಲವು ಕಡೆ ನಿಲುಗಡೆ ಶುಲ್ಕ ಈಗಲೂ ವಸೂಲಾಗುತ್ತಿದೆ. ಆ ಹಣ ಗುತ್ತಿಗೆದಾರನ ಬಳಿಯಿಂದ ಪಂಚಾಯಿತಿಯ ಸಾಮಾನ್ಯ ಖಾತೆಗೆ ಹೋಗಿ ಚರಂಡಿ, ಬೀದಿದೀಪಗಳಲ್ಲಿ ಕರಗುತ್ತದೆ, ಅಷ್ಟೇ. ಶುಲ್ಕದ ಒಂದು ಪಾಲನ್ನು ಜೀವರಕ್ಷಣೆಗೆಂದೇ ತೆಗೆದಿಡುವ ಠರಾವು ಆದರೆ ಹಣದ ಅರ್ಧ ತಲೆನೋವು ಹೋಗುತ್ತದೆ. ಚಿಕ್ಕ ತೀರಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ. ಅವುಗಳಿಗೆ ಜಿಲ್ಲಾ ಮಟ್ಟದ ಒಂದೇ ನಿಧಿಯಿಂದ, ಶನಿವಾರ ಭಾನುವಾರಗಳಂದು ಮಾತ್ರವಾದರೂ, ಸುತ್ತಾಡುವ ತಂಡ ಬೇಕು.

ಹಣಕ್ಕಿಂತ ಕಷ್ಟದ ಪ್ರಶ್ನೆ ಯಜಮಾನ ಯಾರು ಎಂಬುದು. ಇದಕ್ಕೆ ನಮ್ಮ ಅಕ್ಕಪಕ್ಕದಲ್ಲೇ ಎರಡು ಮಾದರಿಗಳಿವೆ. ಗೋವಾ ಸರ್ಕಾರ 2008ರಲ್ಲಿ ತೀರಗಳ ಜೀವರಕ್ಷಣೆಯನ್ನು ದೃಷ್ಟಿ ಎಂಬ ಖಾಸಗಿ ಸಂಸ್ಥೆಗೆ ವಹಿಸಿತು. ಹಣ ಪ್ರವಾಸೋದ್ಯಮ ಇಲಾಖೆಯದು, ನೇಮಕ, ತರಬೇತಿ, ನಿರ್ವಹಣೆ ಸಂಸ್ಥೆಯದು. ಸುಮಾರು 105 ಕಿ.ಮೀ. ಕರಾವಳಿಗೆ ಇವತ್ತು 400ಕ್ಕೂ ಹೆಚ್ಚು ಜೀವರಕ್ಷಕರಿದ್ದಾರೆ. ಕೆಂಪು ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪು ಇದ್ದರೆ ಇಳಿಯಬಾರದು ಎಂಬ ಒಂದೇ ನಿಯಮ ಉತ್ತರದಿಂದ ದಕ್ಷಿಣದವರೆಗೆ ನಡೆಯುತ್ತದೆ. ಒಪ್ಪಬೇಕಾದ ಮಾತೆಂದರೆ, ಒಂದೇ ಕಡೆಯಿಂದ ನಡೆಸಿದ್ದರಿಂದ ಅಲ್ಲಿ ಶಿಸ್ತು ಬಂತು. ಅದೇ ಗೋವಾದಲ್ಲಿ ಜೀವರಕ್ಷಕರು ಸರ್ಕಾರಿ ನೌಕರಿ ಕೇಳಿ ಬೀದಿಗಿಳಿದದ್ದೂ ಉಂಟು. ಮುಷ್ಕರದ ದಿನ ಬಾವುಟ ನೆಡುವವರು ಯಾರು ಎಂಬ ಪ್ರಶ್ನೆ ಆಗ ಎದ್ದಿತು. ಕೇರಳದಲ್ಲಿ ಕೋವಳಂ ಮೊದಲಾದ ತೀರಗಳಿಗೆ ಪ್ರವಾಸೋದ್ಯಮ ಇಲಾಖೆಯೇ ಮೀನುಗಾರ ಸಮುದಾಯದಿಂದ ಜನರನ್ನು ತೆಗೆದುಕೊಳ್ಳುತ್ತದೆ. ಇಲಾಖೆಯ ನೇರ ಹಿಡಿತವೇನೋ ಇದೆ, ಆದರೆ ವರ್ಷಾನುಗಟ್ಟಲೆ ದಿನಗೂಲಿಯಲ್ಲಿಯೇ ದುಡಿದು ಮುಪ್ಪಾಗುವುದು ಅವರ ಪಾಡು.

ದೂರದ ಮಾದರಿಯೊಂದು ನನಗೆ ಹೆಚ್ಚು ಹಿಡಿಸುತ್ತದೆ. ಸಿಡ್ನಿಯ ಬಾಂಡೈ ತೀರದಲ್ಲಿ 1938ರ ಫೆಬ್ರುವರಿ 6ರಂದು ಒಂದರ ಹಿಂದೆ ಒಂದು ಬಂದ ದೊಡ್ಡ ಅಲೆಗಳು ನೂರಾರು ಜನರನ್ನು ಒಟ್ಟಿಗೇ ಒಳಕ್ಕೆಳೆದವು. ಐವರು ಸತ್ತರು. ಸುಮಾರು 250 ಜನರನ್ನು ಎಳೆದು ತಂದದ್ದು ಅಲ್ಲಿನ ಸರ್ಫ್ ಕ್ಲಬ್ಬಿನ ಸ್ವಯಂಸೇವಕರು. ಆ ಹೊತ್ತಿಗಾಗಲೇ ಮೂರು ದಶಕಗಳಿಂದ ಆ ಕ್ಲಬ್ಬುಗಳು ನಡೆದುಕೊಂಡು ಬಂದಿದ್ದವು. ಇವತ್ತಿಗೂ ಅಲ್ಲಿ ಎರಡು ಪದರಗಳಿವೆ: ಸ್ಥಳೀಯ ಆಡಳಿತದ ಸಂಬಳದ ಜೀವರಕ್ಷಕರು, ವಾರಾಂತ್ಯಕ್ಕೆ ಊರಿನ ಕ್ಲಬ್ಬಿನ ಸ್ವಯಂಸೇವಕರು. ಅಲ್ಲಿಯದನ್ನು ಹಾಗೆಯೇ ತಂದು ನಮ್ಮ ಮರಳ ಮೇಲೆ ಊರಲಾಗದು. ಆದರೆ ಜವಾಬ್ದಾರಿ ಸ್ಥಳೀಯ ಆಡಳಿತದ್ದು, ಸಂಬಳ ಕಾಯಂ, ಹೆಚ್ಚಿನ ಜನ ಊರಿನವರೇ ಎಂಬ ಮೂರು ಅಂಶಗಳನ್ನು ತರಬಹುದು. ನಮ್ಮಲ್ಲಿ ಸರ್ಫ್ ಕ್ಲಬ್ಬುಗಳಿಲ್ಲದಿದ್ದರೇನು, ಮೊಗವೀರ ಸಭೆಗಳಿವೆ, ಖಾರ್ವಿ ಸಮಾಜದ ಸಂಘಗಳಿವೆ, ಮೀನುಗಾರರ ಸಹಕಾರ ಸಂಘಗಳಿವೆ, ಭಜನಾ ಮಂದಿರದ ಯುವಕರ ತಂಡಗಳಿವೆ.

ಇಲ್ಲಿ ಒಂದು ಎಚ್ಚರ ಬೇಕು. ಮೀನುಗಾರನಾದವನು ಹುಟ್ಟಾ ಜೀವರಕ್ಷಕ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ನೀರನ್ನು ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಗಾಬರಿಯಿಂದ ಕುತ್ತಿಗೆಗೆ ಜೋತುಬೀಳುವ ಮನುಷ್ಯನಿಂದ ತನ್ನನ್ನು ಉಳಿಸಿಕೊಂಡು ಅವನನ್ನೂ ಉಳಿಸುವುದು ಬೇರೆ ವಿದ್ಯೆ. ಅದಕ್ಕೇ ತೇಲುವ ರೆಸ್ಕ್ಯೂ ಟ್ಯೂಬನ್ನು ನಡುವೆ ಇಟ್ಟುಕೊಂಡು ಹೋಗುವುದು. ದಡಕ್ಕೆ ತಂದ ಮೇಲಿನ ಕೆಲಸ ಇನ್ನೂ ಬೇರೆ. ನಮ್ಮೂರುಗಳಲ್ಲಿ ಇವತ್ತಿಗೂ ಮುಳುಗಿದವರನ್ನು ತಲೆಕೆಳಗಾಗಿ ಹಿಡಿದು, ಹೊಟ್ಟೆ ಒತ್ತಿ ನೀರು ಕಕ್ಕಿಸುವ ಪ್ರಯತ್ನ ನಡೆಯುತ್ತದೆ. ಅದರಿಂದ ಹೊಟ್ಟೆಯೊಳಗಿನದು ಶ್ವಾಸಕೋಶಕ್ಕೆ ಹೋಗುತ್ತದೆ, ಬೆಲೆಕಟ್ಟಲಾಗದ ನಿಮಿಷಗಳೂ ಹೋಗುತ್ತವೆ. ಉಸಿರಾಟ ನಿಂತವರಿಗೆ ಮೊದಲು ಬೇಕಾದದ್ದು ಬಾಯಿಯಿಂದ ಉಸಿರು, ಜೊತೆಗೆ ಎದೆಯ ಒತ್ತು. ಆಮ್ಲಜನಕವಿಲ್ಲದ ಮಿದುಳಿಗೆ ನಾಲ್ಕೈದು ನಿಮಿಷಗಳಲ್ಲಿಯೇ ಹಾನಿ ಶುರುವಾಗುತ್ತದೆ. ಆಂಬುಲೆನ್ಸ್ ಹೆದ್ದಾರಿಯಿಂದ ತೀರದ ಇಕ್ಕಟ್ಟಿನ ರಸ್ತೆಗೆ ತಿರುಗುವ ಹೊತ್ತಿಗೆ ಅಷ್ಟು ನಿಮಿಷ ಕಳೆದಿರುತ್ತವೆ. ಈ ತರಬೇತಿ ಕೊಡುವ ಸಂಸ್ಥೆಗಳು ದೇಶದಲ್ಲಿಯೇ ಇವೆ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ಪುಣೆ ಮೂಲದ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಎರಡೂ ಜೀವರಕ್ಷಕರನ್ನು ತಯಾರು ಮಾಡುತ್ತವೆ. ಒಮ್ಮೆ ಕಲಿತು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದರೆ ಸಾಲದು, ಪ್ರತಿ ವರ್ಷ ಮರುಪರೀಕ್ಷೆ ಇರಬೇಕು.

ಅಧಿಕಾರದ ವಿಚಾರವಂತೂ ಯಾರೂ ಮುಟ್ಟದ ಕೆಂಡ. ಸೀಟಿ ಊದಿದರೂ ಕೇಳದೆ ಮುಂದೆ ಹೋಗುವ ಹತ್ತು ಜನರ ಗುಂಪನ್ನು ಜೀವರಕ್ಷಕ ಏನು ಮಾಡಬಲ್ಲ? ಕೈ ಹಿಡಿದು ಎಳೆದರೆ ಹಲ್ಲೆಯ ದೂರು, ಬಿಟ್ಟರೆ ನಾಳೆ ಅಮಾನತು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಪ್ರಕಾರ ನಿಷೇಧಾಜ್ಞೆ ಹೊರಡಿಸಬಹುದು, ಆದರೆ ಅದು ತಾತ್ಕಾಲಿಕ. ಬಾವುಟದ ಬಣ್ಣಕ್ಕೆ ಕಾನೂನಿನ ಬಲ ಬೇಕು. ಕೆಂಪು ಬಾವುಟ ಹಾರುವಾಗ ನೀರಿಗಿಳಿದರೆ ಸ್ಥಳದಲ್ಲಿಯೇ ದಂಡ ಎಂಬ ನಿಯಮ, ಆ ದಂಡ ಹಾಕುವ ಅಧಿಕಾರವಿರುವ ಒಬ್ಬ ಪೊಲೀಸ್ ಸಿಬ್ಬಂದಿ ಪ್ರತಿ ತೀರದಲ್ಲಿ, ಇವೆರಡೂ ಇದ್ದರೆ ಜೀವರಕ್ಷಕ ಜಗಳವಾಡುವುದನ್ನು ಬಿಟ್ಟು ನೀರು ನೋಡುತ್ತಾನೆ. ಪ್ರವಾಸಿ ತಾಣಗಳಲ್ಲಿ ಗೃಹರಕ್ಷಕರನ್ನು ‘ಪ್ರವಾಸಿ ಮಿತ್ರ’ರೆಂದು ನೇಮಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ, ಅವರನ್ನೇ ಇದಕ್ಕೆ ಜೋಡಿಸಬಹುದು.

ಮನಸ್ಸಿದ್ದರೆ ನಮ್ಮಲ್ಲಿಯೂ ಆಗುತ್ತದೆ ಎಂಬುದಕ್ಕೆ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳೇ ಸಾಕ್ಷಿ. 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದೇಶದ ಮೊದಲ ಎಂಟು ತೀರಗಳಲ್ಲಿ ಇವೆರಡೂ ಸೇರಿದ್ದವು. ಅದಕ್ಕಿರುವ 33 ಮಾನದಂಡಗಳಲ್ಲಿ ಜೀವರಕ್ಷಕರು ಮತ್ತು ರಕ್ಷಣಾ ಸಲಕರಣೆಯೂ ಸೇರಿವೆ. ಅಂದರೆ ಡೆನ್ಮಾರ್ಕಿನ ಸಂಸ್ಥೆಯೊಂದು ಕೇಳಿದಾಗ ನಾವು ವ್ಯವಸ್ಥೆ ಮಾಡಿದೆವು. ಮುಳಬಾಗಿಲಿನ ಮಕ್ಕಳಿಗೋಸ್ಕರ ಅದೇ ಕೆಲಸವನ್ನು ಮಾಡಲು ಯಾವ ಮನ್ನಣೆ ಬೇಕು?

ಅಂಕಿಗಳ ಬಗ್ಗೆಯೂ ಒಂದು ಮಾತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಇದರಲ್ಲಿ ಕಡಲಿನ ಪಾಲು ಚಿಕ್ಕದು, ಕೆರೆ, ಬಾವಿ, ಕೃಷಿಹೊಂಡ, ನದಿ, ನಾಲೆಗಳದ್ದೇ ದೊಡ್ಡದು. ಹಾಗೆಂದು ಕಡಲತೀರವನ್ನು ಬದಿಗಿಡುವಂತಿಲ್ಲ. ಸಾವಿರಾರು ಕೆರೆಗಳಿಗೆ ಕಾವಲು ಹಾಕಲಾಗದು, ಜನ ಒಂದೇ ಕಡೆ ಸೇರುವ ಕೆಲವೇ ತೀರಗಳಿಗೆ ಹಾಕಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರಿನಲ್ಲಿ ಮುಳುಗುಸಾವು ತಡೆಯ ಕಾರ್ಯಚೌಕಟ್ಟನ್ನೂ ಹೊರತಂದಿತು. ನಮ್ಮ ತೀರಗಳಲ್ಲಿ ಕೊರತೆಯಿರುವುದು ಅದಕ್ಕಿಂತ ಕೆಳಗಿನ, ತೀರಾ ಸಾದಾ ದಾಖಲೆಯದ್ದು. ಸತ್ತವರ ಲೆಕ್ಕ ಠಾಣೆಯಲ್ಲಿ ಸಿಗುತ್ತದೆ. ಎಳೆದು ತಂದವರದ್ದು, ಎಚ್ಚರಿಸಿ ಹಿಂದೆ ಕಳಿಸಿದವರದ್ದು ಎಲ್ಲಿ ಸಿಗುತ್ತದೆ? ಯಾವ ಗೋಪುರದ ಎದುರು, ಎಷ್ಟು ಗಂಟೆಗೆ, ಉಬ್ಬರವೋ ಇಳಿತವೋ, ಬಾವುಟ ಯಾವುದಿತ್ತು, ಸಿಕ್ಕಿಬಿದ್ದವರು ಎಲ್ಲಿಂದ ಬಂದವರು, ಇಷ್ಟನ್ನು ಪ್ರತಿದಿನ ಒಂದು ಪುಸ್ತಕದಲ್ಲಿ ಬರೆದರೆ ಎರಡು ಋತುಗಳಲ್ಲಿ ಗೋಪುರ ಎಲ್ಲಿರಬೇಕು, ಸಿಬ್ಬಂದಿ ಯಾವ ಹೊತ್ತಿಗೆ ಹೆಚ್ಚಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಕರ್ನಾಟಕದ ಕರಾವಳಿಗೂ ಕೊಡುತ್ತದೆ. ಮೀನುಗಾರರಿಗೆ ಮುಟ್ಟುವ ಆ ಸಂದೇಶ ಗೋಪುರದ ಮೊಬೈಲಿಗೂ ಬಂದರೆ ಬೆಳಗಿನ ಬಾವುಟ ಅಂದಾಜಿನಿಂದ ಹಾರುವುದು ತಪ್ಪುತ್ತದೆ.

ಇನ್ನು ಋತುವಿನ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿ ನಿಲ್ಲುತ್ತದೆ. ಆದರೆ ಜೋಗ, ಆಗುಂಬೆ ನೋಡಲು ಬಂದವರು ಹಾಗೆಯೇ ಕಡಲಿಗೂ ಇಳಿದು ಬರುತ್ತಾರೆ. ಹಾಗಾಗಿ ಎಂಟು ತಿಂಗಳ ಗುತ್ತಿಗೆ ಎಂಬ ಉಳಿತಾಯದ ಯೋಚನೆ ಎರಡು ರೀತಿಯಲ್ಲಿ ಹೊಡೆತ ಕೊಡುತ್ತದೆ: ಅತಿ ಅಪಾಯದ ತಿಂಗಳುಗಳಲ್ಲಿ ತೀರ ಖಾಲಿ, ಪಳಗಿದ ಹುಡುಗರು ಜೂನ್‌ನಲ್ಲಿ ಬಿಟ್ಟು ಬೇರೆ ಕೆಲಸ ಹುಡುಕಿಕೊಂಡು ಹೋದರೆ ಅಕ್ಟೋಬರಿನಲ್ಲಿ ಮತ್ತೆ ಹೊಸಬರು. ಹನ್ನೆರಡು ತಿಂಗಳ ನೇಮಕವಿದ್ದರೆ ಮಳೆಗಾಲದಲ್ಲಿ ಅರ್ಧ ಸಿಬ್ಬಂದಿ ತೀರ ಕಾಯಬಹುದು, ಉಳಿದರ್ಧ ಮರುತರಬೇತಿ ಮುಗಿಸಬಹುದು, ಹತ್ತಿರದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಾಲುವೆಯಂಥ ಆ ಕಪ್ಪು ಪಟ್ಟಿಯನ್ನು ಗುರುತಿಸಲು ಕಲಿಸಬಹುದು.

ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುವುದು ನವೆಂಬರ್, ಡಿಸೆಂಬರ್‌ನಲ್ಲಿ. ಟೆಂಡರ್, ನೇಮಕ, ತರಬೇತಿಗೆಂದು ಕನಿಷ್ಠ ನಾಲ್ಕು ತಿಂಗಳಾದರೂ ಬೇಕು. ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳು ಪ್ರತಿ ತೀರಕ್ಕೂ ಒಬ್ಬ ಹೊಣೆಗಾರ ಅಧಿಕಾರಿಯ ಹೆಸರು ಬರೆದು ಆದೇಶ ಹೊರಡಿಸಬೇಕಾದದ್ದು ಜೂನ್‌ನಲ್ಲಿ. ಆ ಹೆಸರು, ಅವರ ಫೋನ್ ಸಂಖ್ಯೆ ಎರಡೂ ಗೋಪುರದ ಕಂಬದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಇರಲಿ, ಕೆಳಗೆ ತೆಲುಗು, ತಮಿಳು, ಮಲಯಾಳ, ಹಿಂದಿಯಲ್ಲಿಯೂ ಇರಲಿ.